ಕ್ಯಾಮೆರಾ ಆಫ್, ಶವಾಸನ ಆನ್

“ಮಾವ, ಆನ್‌ಲೈನ್ ಯೋಗ ಕ್ಲಾಸಿಗೆ ಸೇರಿದೀನಿ, ಆದ್ರೆ ಉತ್ಸಾಹವೇ ಉಳೀತಿಲ್ಲ.”

“ಕ್ಯಾಮೆರಾ ಹಾಕ್ತೀಯೇನಪ್ಪ?”

“ಇಲ್ಲ. ಮ್ಯೂಟ್ ಮಾಡಿ ಮಲಗ್ತೀನಿ. ಶವಾಸನ ಮಾತ್ರ ಚೆನ್ನಾಗಿ ಬರುತ್ತೆ.”

ಯಲ್ಲದಕೆರೆಯ ಜಗಲಿಯ ಈ ಮಾತಿನಲ್ಲೇ ರೋಗವೂ ಇದೆ, ಮದ್ದೂ ಇದೆ. ಉತ್ಸಾಹ ಒಳಗಿನಿಂದ ಉಕ್ಕಬೇಕೆಂದು ಆ್ಯಪಿನವರು ನಂಬಿಸಿದ್ದಾರೆ. ಅಸಲಿಗೆ ಅದು ಹುಟ್ಟುವುದು ನೋಡುವವರ ಕಣ್ಣಿನಿಂದ. ಇದೇ ಜಿಲ್ಲೆಯ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ, ಅಂದರೆ ನಮ್ಮ ‘ತಿರುಕ’, ಊರೂರು ತಿರುಗಿ ಶಿಬಿರ ಹೂಡಿ ಯೋಗ ಕಲಿಸಿದರು. ಸಾಲಿನಲ್ಲಿ ನಿಂತವನಿಗೆ ಅಲ್ಲಿ ಮ್ಯೂಟ್ ಗುಂಡಿ ಇರಲಿಲ್ಲ. ಪಕ್ಕದವನು ಬಗ್ಗಿದರೆ ಇವನೂ ಬಗ್ಗಲೇಬೇಕು.

“ಅಂಥ ಗುರು ಈಗೆಲ್ಲಿ ಮಾವ? 2020ರಲ್ಲಿ ಯೋಗ ದಿನವೇ ಮನೇಲಿ ನಡೀಲಿಲ್ವಾ?”

ನಡೆಯಿತು. ಆದರೆ ಆ ವರ್ಷದ ಘೋಷಣೆ ‘ಮನೆಯಲ್ಲೇ ಯೋಗ, ಕುಟುಂಬದೊಂದಿಗೆ ಯೋಗ’. ಮೊದಲರ್ಧ ಹಿಡಿದುಕೊಂಡು ಉಳಿದರ್ಧ ಬಿಟ್ಟೆವು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದಣಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬರೀ ಲಾಗಿನ್ ಆಗಿದ್ದ ಹೊತ್ತು ಆ ಲೆಕ್ಕಕ್ಕಿಲ್ಲ.

“ಹಂಗಾದ್ರೆ ಏನ್ಮಾಡ್ಲಿ?”

“ಕ್ಯಾಮೆರಾ ಹಾಕು, ನಿಮ್ಮತ್ತೇನ ಎದುರಿಗೆ ಕೂರಿಸ್ಕೊ. ಮಲಗೋಕಂತೂ ಬಿಡಲ್ಲ.”