ನಮೂನೆ 28ರವರ ಸನ್ನಿಧಾನಕ್ಕೆ ಕೌದಳ್ಳಿಯಿಂದ ಒಂದು ಬಿನ್ನಹ

ಮಹಾಸ್ವಾಮಿ,

ಬಹಿರಂಗ ಪತ್ರವನ್ನು ಮಂತ್ರಿಗಳಿಗೆ ಬರೆಯುವುದು ವಾಡಿಕೆ. ಆದರೆ ಮಂತ್ರಿಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಸಾರಿಗೆ ಕಮಿಷನರ್ ಸಾಹೇಬರು ಅದಕ್ಕೂ ಮುಂಚೆಯೇ ವರ್ಗವಾಗುತ್ತಾರೆ. 1989ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ ಜೊತೆ ನಿರಾಕ್ಷೇಪಣಾ ಪತ್ರದ (ಎನ್‌ಒಸಿ) ಅರ್ಜಿಯಾಗಿ ಅವತರಿಸಿದ ತಾವೊಬ್ಬರೇ ಇಂದಿನವರೆಗೆ ಕೂತ ಜಾಗದಿಂದ ಕದಲಿಲ್ಲ. ಮೊದಲು ಕಾಗದದಲ್ಲಿದ್ದಿರಿ. ಈಗ ‘ವಾಹನ್’ ಪೋರ್ಟಲ್ಲಿನಲ್ಲೂ ಇದ್ದೀರಿ. ಅಲ್ಲಿ ತುಂಬಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಕಾಗದವಾಗಿ ತಮ್ಮನ್ನು ಕೌಂಟರಿಗೆ ಹೊತ್ತೊಯ್ಯಬೇಕು. ಒಂದೇ ಹೊತ್ತಿಗೆ ಎರಡು ರೂಪದಲ್ಲಿ ಕಾಣಿಸಿಕೊಳ್ಳುವ ಶಕ್ತಿ ಈ ಸೀಮೆಯಲ್ಲಿ ಮಾದಪ್ಪನಿಗೊಬ್ಬನಿಗೇ ಇರುವುದೆಂದು ತಿಳಿದಿದ್ದೆವು. ಕಚೇರಿಯವರ ಮೇಲೆ ನನ್ನ ದೂರೇನೂ ಇಲ್ಲ. ಅವರು ಪೂಜಾರಿಗಳು, ಗರ್ಭಗುಡಿಯಲ್ಲಿರುವವರು ತಾವು. ಅದಕ್ಕೇ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ವಿಷಯ ಸಣ್ಣದು. ಬರಗೂರು ಬೆಟ್ಟದಲ್ಲಿರುವ ನಮ್ಮ ಭಾವನವರು ತಮ್ಮ 2012ರ ಮಾರುತಿ ಓಮ್ನಿಯನ್ನು ನನಗೆ ಕೊಟ್ಟರು. ತಂಗಿಯ ಗಂಡನೆಂದು ರೇಟು ಇಳಿಸಿದ್ದೇನೆ ಎಂದರು. ಎಷ್ಟಿದ್ದದ್ದನ್ನು ಎಷ್ಟಕ್ಕೆ ಇಳಿಸಿದರೆಂದು ನಾನು ಕೇಳಲಿಲ್ಲ, ನನ್ನ ಹೆಂಡತಿ ಕೇಳಗೊಡಲೂ ಇಲ್ಲ. ಬರಗೂರು ದೂರದ ಊರೇನಲ್ಲ. ಕೌದಳ್ಳಿಯಿಂದ ರಾಮಾಪುರ, ಅಲ್ಲಿಂದ ಗರಿಕೆಕಂಡಿ, ಚೆಕ್‌ಪೋಸ್ಟ್ ದಾಟಿದರೆ ಕಾಡು, ಕಾಡಿನೊಳಗೆ ಬರಗೂರು. ಅದು ತಮಿಳುನಾಡಿನ ಈರೋಡ್ ಜಿಲ್ಲೆ. ಆದರೂ ಅಲ್ಲಿನ ಲಿಂಗಾಯಿತರ ಮನೆಮಾತು ಕನ್ನಡ, ಸೋಲಿಗರ ಮಾತು ಕನ್ನಡದ ಒಡಹುಟ್ಟು. ನಾವು ಹೆಣ್ಣು ತಂದದ್ದು ಅಲ್ಲಿಂದ, ಕೊಟ್ಟದ್ದು ಅಲ್ಲಿಗೆ. ನಮ್ಮ ಅರಿಸಿನ ಈರೋಡ್ ಮಾರುಕಟ್ಟೆಗೆ ಹೋಗಿ ಹಣವಾಗಿ ವಾಪಸ್ಸು ಬರುತ್ತದೆ. ಇಷ್ಟೆಲ್ಲ ಹೋಗಿಬರುವ ದಾರಿಯಲ್ಲಿ ಒಂದು ಓಮ್ನಿ ಬಂದರೆ ಆಕಾಶ ಬೀಳುವುದಿಲ್ಲ ಎಂದು ನಂಬಿದ್ದೆ.

ನಮ್ಮಜ್ಜನ ಕಾಲದಲ್ಲಿ ಬೀಳುತ್ತಿರಲಿಲ್ಲ. ಅವರು ಆಡಿ ತಿಂಗಳಲ್ಲಿ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆಗೆ ಹೋಗಿ ಬರಗೂರು ಎತ್ತು ಕೊಂಡು ಇದೇ ದಾರಿಯಲ್ಲಿ ಹೊಡೆದುಕೊಂಡು ಬರುತ್ತಿದ್ದರು. ಕಂದು ಮೈ, ಮೇಲೆ ಬಿಳಿ ಮಚ್ಚೆ, ಮುಟ್ಟಿದರೆ ಹಾಯುವ ಸಿಟ್ಟು. ದಲ್ಲಾಳಿ ಟವೆಲ್ಲಿನೊಳಗೆ ಬೆರಳು ಹಿಡಿದು ರೇಟು ಹೇಳುತ್ತಿದ್ದ, ಅಜ್ಜ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಅಲ್ಲಿಗೆ ವರ್ಗಾವಣೆ ಮುಗಿಯಿತು. ಅದೂ ಸೆಕೆಂಡ್ ಹ್ಯಾಂಡ್ ಎತ್ತೇ ಸ್ವಾಮಿ, ಮೊದಲೇ ಯಾರದೋ ನೇಗಿಲಿಗೆ ಹೆಗಲು ಕೊಟ್ಟು ಬಂದದ್ದು. ಈಗ ಓಮ್ನಿಯ ಹಲ್ಲು ನೋಡಬೇಕಾದರೆ ಚಾಸಿಯ ಮೇಲೆ ಕೊರೆದ ಅಂಕಿಗೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ, ಮೂಡಿದ ಅಚ್ಚನ್ನು ತಮ್ಮ ಮೈಮೇಲೆ ಅಂಟಿಸಬೇಕು. ನಮ್ಮ ಓಮ್ನಿಯ ಅಂಕಿಗಳ ಮೇಲೆ ಬೆಟ್ಟದ ಕೆಮ್ಮಣ್ಣು ಎಷ್ಟು ಭಕ್ತಿಯಿಂದ ಕೂತಿದೆಯೆಂದರೆ, ಉಜ್ಜಿದಾಗ 3 ಕೂಡ 8, 6 ಕೂಡ 8.

ಕಾರು ಕೌದಳ್ಳಿಗೆ ಬಂದಂದಿನಿಂದ ಅದರ ಬದುಕೇ ವಿಚಿತ್ರವಾಗಿದೆ. ಅಮಾವಾಸ್ಯೆಯ ದಿನ ಅದು ಭಕ್ತ. ಆವತ್ತು ಮೆಟ್ಟೂರು ಕಡೆಯಿಂದ ಪಾಲಾರ್ ದಾಟಿ, ಅಂತಿಯೂರು ಕಡೆಯಿಂದ ಗರಿಕೆಕಂಡಿ ದಾಟಿ ಮಾದಪ್ಪನ ಬೆಟ್ಟಕ್ಕೆ ಟಿಎನ್ ನಂಬರಿನ ಗಾಡಿಗಳು ಸಾಲುಗಟ್ಟುತ್ತವೆ. ಆ ಸಾಲಿನಲ್ಲಿ ನಮ್ಮದೂ ಒಂದು, ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಂತೂ ಅದರ ಮುಂದೆ ನಿಂತು ಕೈಮುಗಿದವರೂ ಇದ್ದಾರೆ, ಮುಂಭಾಗದಲ್ಲಿ ಮಾದಪ್ಪನ ಫೋಟೊ ಇರುವುದರಿಂದ. ಪಾಡ್ಯದ ಬೆಳಿಗ್ಗೆ ಅದೇ ಕಾರು, ಅದೇ ರಸ್ತೆ, ಅದೇ ಫೋಟೊ. ಆದರೆ ಈಗ ಅದು ಪರರಾಜ್ಯದ ವಾಹನ. ಹೀಗಾಗಿ ನಮ್ಮ ಮನೆಯ ಕೆಲಸಗಳೆಲ್ಲ ಪಂಚಾಂಗ ನೋಡಿ ನಡೆಯುತ್ತಿವೆ. ಅಮಾವಾಸ್ಯೆಗೆ ಹೊಸ್ತಿಲು ದಾಟಬಾರದು ಎನ್ನುತ್ತಿದ್ದ ನಮ್ಮವ್ವ ಈಗ ಮಂಡಿನೋವು ಬಂದರೆ ಮೊದಲು ಕೇಳುವುದೇ, “ಅಮಾಸೆ ಯಾವತ್ತಪ್ಪ? ಕೊಳ್ಳೇಗಾಲ್ದ ಆಸ್ಪತ್ರೆಗೆ ಓಗ್ಬೇಕು.”

ಭಯದಿಂದಲೇ ಕಾನೂನು ಓದಿದೆ. ಓದಿದ ಮೇಲೆ ಭಯ ಹೋಗಿ ಬೆರಗು ಬಂತು. 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮು, ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಭಾರತದ ಎಲ್ಲೆಡೆ ನೋಂದಣಿಯಾದಂತೆಯೇ ಎನ್ನುತ್ತದೆ. ಓದಿ ಎದೆ ಉಬ್ಬಿತು. 47ನೇ ಕಲಮು, 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಹೊಸ ನಂಬರು ತಗೋ ಎನ್ನುತ್ತದೆ. 50ನೇ ಕಲಮು, ಕೊಂಡವನು 30 ದಿನದೊಳಗೆ ತಿಳಿಸಬೇಕು, ಅದೇ ರಾಜ್ಯದೊಳಗೆ ಮಾರಿದವನು 14 ದಿನದೊಳಗೆ, ಹೊರರಾಜ್ಯಕ್ಕೆ ಮಾರಿದವನು 45 ದಿನದೊಳಗೆ ಎನ್ನುತ್ತದೆ. ಇದು ಸಾಲದೆಂದು ನಮ್ಮ ರಾಜ್ಯ 2014ರಲ್ಲಿ ತೆರಿಗೆ ಕಾಯ್ದೆ ತಿದ್ದಿ, ಹೊರಗಿನ ಗಾಡಿ 30 ದಿನ ಇಲ್ಲಿ ನಿಂತರೆ ಜೀವಿತಾವಧಿ ತೆರಿಗೆ ಕಟ್ಟತಕ್ಕದ್ದು ಎಂದಿತ್ತು. 2016ರಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಹೊಡೆದುಹಾಕಿದ ಸುದ್ದಿ ಬೆಂಗಳೂರಿನಿಂದ ಹೊರಟು ಬಹುಶಃ ಹನೂರಿನವರೆಗೆ ಮಾತ್ರ ಬಂದಿದೆ. ನಮ್ಮ ರಸ್ತೆಯಲ್ಲಿ ನಿಲ್ಲಿಸುವವರ ಬಾಯಲ್ಲಿ ಈಗಲೂ ಬರುವುದು ಅದೇ 30 ದಿನ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ತಮಗೆ ಸಂಬಂಧಪಟ್ಟ 48ನೇ ಕಲಮು. ಎನ್‌ಒಸಿ ಕೇಳಿ ಅರ್ಜಿ ಕೊಟ್ಟ 30 ದಿನದೊಳಗೆ ಕಚೇರಿ ಹೂಂ ಅನ್ನಬೇಕು ಅಥವಾ ಕಾರಣ ಬರೆದು ಊಹೂಂ ಅನ್ನಬೇಕು, ಏನೂ ಅನ್ನದಿದ್ದರೆ ಕೊಟ್ಟಂತೆಯೇ. ರಸೀದಿಯನ್ನೂ, ‘ನನಗೇನೂ ತಿಳಿಸಲಿಲ್ಲ’ ಎಂಬ ಘೋಷಣೆಯನ್ನೂ ಜೋಡಿಸಿಕೊಟ್ಟರೆ ಸಾಕಂತೆ. ಎಂಥ ಉದಾರ ಕಾನೂನು! ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುವ ಏಜೆಂಟರಿಗೆ ಇದನ್ನು ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, “ಸಾರ್, ಮೌನಾನ ಲ್ಯಾಮಿನೇಶನ್ ಮಾಡ್ಸಕ್ಕಾಗಲ್ಲ” ಎಂದರು. ಮೂರು ದಶಕದ ನ್ಯಾಯಶಾಸ್ತ್ರವನ್ನು ಇಷ್ಟು ಚೆನ್ನಾಗಿ ಯಾವ ವಕೀಲರೂ ಹೇಳಿಲ್ಲ.

ತಮ್ಮ ಸೋದರ ಬಳಗವೂ ದೊಡ್ಡದು. ಹೊಸ ನಂಬರಿಗೆ 27, ಮಾರಿದವರಿಗೆ 29, ಕೊಂಡವರಿಗೆ 30, ಬ್ಯಾಂಕಿನ ಸಾಲ ತೀರಿಸಿದ್ದಕ್ಕೆ 35. ಇನ್ಷೂರೆನ್ಸು, ಹೊಗೆ ಸರ್ಟಿಫಿಕೇಟು, ಹಳೇ ದಂಡದ ಬಾಕಿ ಬೇರೆ. ಕಾರು ಕದ್ದದ್ದಲ್ಲವೆಂದು ದಿಲ್ಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಕಡತ ನೋಡಿ ಹೇಳಬೇಕು. ಭಾವನವರ ಈ ಓಮ್ನಿಯಲ್ಲೇ ನಮ್ಮ ಮಗಳ ಮದುವೆಯ ಬೀಗರು ಬಂದಿಳಿದದ್ದನ್ನು ಇಡೀ ಕೌದಳ್ಳಿ ನೋಡಿದೆ, ದಿಲ್ಲಿಗೆ ಮಾತ್ರ ಗೊತ್ತಿಲ್ಲ. ಇದರ ಮೇಲೆ ಒಟಿಪಿ. ಅದು ಹೋಗುವುದು ಮಾರಿದವರ ಮೊಬೈಲಿಗೆ. ಭಾವನವರ ಊರಿನಲ್ಲಿ ಸಿಗ್ನಲ್ ಸಿಗುವುದು ಒಂದು ಬಂಡೆಯ ಮೇಲೆ. ಅವರು ಬಂಡೆ ಹತ್ತಿದರೆ ಇಲ್ಲಿ ಸರ್ವರ್ ಇಳಿಯುತ್ತದೆ, ಸರ್ವರ್ ಎದ್ದರೆ ಅಲ್ಲಿ ಆನೆ ಬಂದಿರುತ್ತದೆ. ಅವರು ಏದುಸಿರು ಬಿಡುತ್ತ ಕೂಗಿ ಹೇಳುವ ಆರು ಅಂಕಿ ನನ್ನ ಕಿವಿಗೆ ಐದಾಗಿ ಬೀಳುತ್ತವೆ.

ಇಷ್ಟಾದರೂ ಸಹಿಸುತ್ತಿದ್ದೆ. ಕಳ್ಳಗಾಡಿ ಹಿಡಿಯಲಿಕ್ಕೆ ತಾನೇ ಈ ಜಾಲರಿ, ನಮ್ಮಂಥವರೂ ಸ್ವಲ್ಪ ಸಿಕ್ಕಿಕೊಳ್ಳೋಣ ಎಂದು. ಆಮೇಲೆ ಪೇಪರು ಓದಿದೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸಿನವರು ‘ಆಪರೇಷನ್ ನುಮ್ಖೋರ್’ ನಡೆಸಿದರು. ಭೂತಾನಿನಿಂದ ಬಳಸಿದ ಐಷಾರಾಮಿ ಕಾರುಗಳು ಕಳ್ಳದಾರಿಯಲ್ಲಿ ಬಂದು, ನಕಲಿ ದಾಖಲೆಯ ಮೇಲೆ ನೋಂದಣಿಯಾಗಿ ಓಡುತ್ತಿವೆ ಎಂಬುದು ಅವರ ಆರೋಪ. ಹೊರದೇಶದ ಹಳೇ ಕಾರಿಗೆ ಇರುವ ಕಟ್ಟಳೆ ಗೊತ್ತಲ್ಲ? ಮೂರು ವರ್ಷಕ್ಕಿಂತ ಹಳತಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನಲ್ಲೇ ಇಳಿಯಬೇಕು. ಭೂತಾನಿಗೆ ಸಮುದ್ರವೇ ಇಲ್ಲ. ಹಿಮಾಲಯದ ತಪ್ಪಲಿನಿಂದ ಕಾರು ಇಳಿದು ಕೊಚ್ಚಿ ಮುಟ್ಟಿತು ಎಂದರೆ, ದಾರಿಯಲ್ಲಿ ತಾವೆಲ್ಲಿದ್ದಿರಿ ಮಹಾಸ್ವಾಮಿ? ಗರಿಕೆಕಂಡಿಯಲ್ಲಿ ನಮ್ಮ ಓಮ್ನಿಯ ಪೆನ್ಸಿಲ್ ಅಚ್ಚು ನೋಡುತ್ತಿದ್ದಿರಾ? ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿ ಸಿಕ್ಕಿಬಿತ್ತು. ಮಾಲೀಕರು ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಮತ್ತು ದಂಡ ಕಟ್ಟಿದರು. ಅವರು ಪಂಚಾಂಗ ನೋಡಿ ಕಾರು ತೆಗೆಯುತ್ತಿರಲಿಲ್ಲ ಎಂದು ಕಾಣುತ್ತದೆ.

ಫೆರಾರಿಯಿಂದ ನನಗೊಂದು ಜ್ಞಾನೋದಯವಾಯಿತು. ಇಲ್ಲಿ ಆಕ್ಷೇಪಣೆ ಇರುವುದು ಕಾರಿನ ಬಗ್ಗೆ ಅಲ್ಲವೇ ಅಲ್ಲ, ತೆರಿಗೆಯ ಬಗ್ಗೆ. ನಮ್ಮಲ್ಲಿ 5 ಲಕ್ಷದೊಳಗಿನ ಕಾರಿಗೆ ಬೆಲೆಯ ಶೇ 13, 20 ಲಕ್ಷ ಮೀರಿದರೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್ಸು. ಹಳೇ ಗಾಡಿಗೆ ವಯಸ್ಸು ನೋಡಿ ಇಳಿಸುತ್ತಾರೆ, ನಿಜ. ಆದರೆ ಭಾವನವರು ಈ ಓಮ್ನಿಯ ಜೀವಿತಾವಧಿ ತೆರಿಗೆಯನ್ನು 2012ರಲ್ಲೇ ಆ ಕಡೆ ಕಟ್ಟಿದ್ದಾರೆ. ಗರಿಕೆಕಂಡಿ ದಾಟಿದ ಕೂಡಲೇ ಅದಕ್ಕೆ ಎರಡನೇ ಜನ್ಮ, ಎರಡನೇ ಜೀವಿತಾವಧಿ. ಮೊದಲನೇ ಜನ್ಮದ ಉಳಿಕೆಯನ್ನು ಅಲ್ಲಿಂದ ವಾಪಸ್ಸು ಕೇಳಬಹುದು. ಕೇಳಲು ಇನ್ನೊಂದು ಅರ್ಜಿ, ಅದಕ್ಕೆ ಇಲ್ಲಿಯ ಹೊಸ ಆರ್‌ಸಿ. ಅಷ್ಟರಲ್ಲಿ 2027 ಬರುತ್ತದೆ, ಕಾರಿಗೆ 15 ತುಂಬುತ್ತದೆ, ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ 600 ಹೋಗಿ 5,000 ಆಗಿದೆ.

ರಾಜ್ಯದಿಂದ ರಾಜ್ಯಕ್ಕೆ ಅಲೆಯುವವರಿಗೆಂದೇ 2021ರ ಸೆಪ್ಟೆಂಬರಿನಿಂದ ಬಿಎಚ್ ಸರಣಿಯ ನಂಬರು ಬಂದಿದೆಯಲ್ಲ ಎಂದು ತಿಳಿದವರು ಹೇಳಿದರು. ವಿಚಾರಿಸಿದೆ. ಅದು ಸೇನೆಯವರಿಗೆ, ಸರ್ಕಾರಿ ನೌಕರರಿಗೆ, ನಾಲ್ಕು ರಾಜ್ಯಗಳಲ್ಲಾದರೂ ಕಚೇರಿ ಇರುವ ಕಂಪನಿಗಳ ನೌಕರರಿಗೆ. ನಮ್ಮ ಬೀದಿಯ ಹುಡುಗರು ತಿರುಪ್ಪೂರಿನ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಕೊಡಗಿನ ತೋಟಕ್ಕೆ ಹೋಗುತ್ತಾರೆ, ಕೇರಳಕ್ಕೆ ಕೂಲಿಗೆ ಹೋಗುತ್ತಾರೆ, ಸುಗ್ಗಿಗೆ ಊರಿಗೆ ಬರುತ್ತಾರೆ. ಮೂರು ರಾಜ್ಯದ ಬೆವರು ಮೈಮೇಲಿದೆ. ಕಚೇರಿ ಮಾತ್ರ ಇಲ್ಲ.

ಈಗ ಒಂದು ಹಳೇ ಕಡತ ತಮ್ಮ ಗಮನಕ್ಕೆ. ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದನ್ನು ಹಾಗೆಯೇ ಎತ್ತಿ ಮೈಸೂರು ರಾಜ್ಯಕ್ಕೆ ಕೊಟ್ಟರು. ಬೆಟ್ಟ, ಕಾಡು, ಆನೆ, ಕೌದಳ್ಳಿ, ನಮ್ಮಜ್ಜ, ಅಜ್ಜನ ಬರಗೂರು ಎತ್ತು, ಎಲ್ಲ ಬಂದವು. ಅಷ್ಟು ದೊಡ್ಡ ಸೆಕೆಂಡ್ ಹ್ಯಾಂಡ್ ತಾಲ್ಲೂಕು ಗಡಿ ದಾಟಿದಾಗ ಯಾರೂ ಚಾಸಿ ಅಚ್ಚು ತೆಗೆಯಲಿಲ್ಲ, ಉಳಿಕೆ ತೆರಿಗೆಯ ಲೆಕ್ಕ ಕೇಳಲಿಲ್ಲ. ತಾಳವಾಡಿ ಅಲ್ಲೇ ಉಳಿಯಿತು, ಅದರೊಂದಿಗೆ ರಾಜ್‌ಕುಮಾರರ ಗಾಜನೂರೂ ಉಳಿಯಿತು. ಯಳಂದೂರಿನವರ ಠೀವಿಯೇ ಬೇರೆ. ಅದು ಮೊದಲಿನಿಂದ ಮೈಸೂರಿನದು, ದಿವಾನ್ ಪೂರ್ಣಯ್ಯನವರ ಜಹಗೀರು, ಫಸ್ಟ್ ಓನರ್ ಗಾಡಿ. ನಾವು ಸೆಕೆಂಡ್ ಓನರ್. ಆಮೇಲೂ ನಮಗೆ ನೆಮ್ಮದಿ ಇಲ್ಲ. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, 1997ರಲ್ಲಿ ಮೈಸೂರು ಜಿಲ್ಲೆ ಬಿಟ್ಟು ಚಾಮರಾಜನಗರ ಜಿಲ್ಲೆಗೆ ಬಂದೆವು, ಮೊನ್ನೆ ಮೊನ್ನೆ ಕೊಳ್ಳೇಗಾಲ ಬಿಟ್ಟು ಹನೂರು ತಾಲ್ಲೂಕಿಗೆ. ಕೌದಳ್ಳಿ ಕೂತಲ್ಲೇ ಕೂತಿದೆ, ಅದರ ವಿಳಾಸ ಮಾತ್ರ ಊರೂರು ಸುತ್ತಿದೆ.

ಪಕ್ಕದ ಒಡೆಯರಪಾಳ್ಯದಲ್ಲಿ 1974ರಿಂದ ಟಿಬೆಟನ್ನರಿದ್ದಾರೆ. ಮುಸುಕಿನ ಜೋಳ ಬೆಳೆದರು, ಮಕ್ಕಳನ್ನು ಬೆಳೆಸಿದರು, ಅವರ ಮಕ್ಕಳು ನಮ್ಮ ಸಂತೆಯಲ್ಲಿ ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಅವರ ಜೇಬಿನಲ್ಲೂ ಒಂದು ನೋಂದಣಿ ಪತ್ರ ಇರುತ್ತದೆ, ಅವಧಿ ಮುಗಿದಾಗ ಅದನ್ನೂ ನವೀಕರಿಸಬೇಕು. ಇದನ್ನು ನಗಿಸಲು ಹೇಳುತ್ತಿಲ್ಲ. ಓಮ್ನಿಯ ವಿಷಯದಲ್ಲಿ ಗೊಣಗುವಾಗ ಇವರ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತೇನೆ, ಆಮೇಲೆ ಮತ್ತೆ ಗೊಣಗುತ್ತೇನೆ.

ನನ್ನ ಕೋರಿಕೆ ದೊಡ್ಡದಲ್ಲ. 46ನೇ ಕಲಮು ಹೇಳಿದಂತೆ ನೋಂದಣಿ ದೇಶಕ್ಕೆಲ್ಲ ಒಂದೇ ಎಂದಾದ ಮೇಲೆ ನಂಬರು ಹಾಗೇ ಇರಲಿ, ಮಾಲೀಕನ ಹೆಸರು ಬದಲಾಗಲಿ, ಉಳಿದ ವರ್ಷಗಳ ತೆರಿಗೆಯನ್ನು ಎರಡು ಸರ್ಕಾರಗಳು ತಮ್ಮತಮ್ಮಲ್ಲೇ ಲೆಕ್ಕ ಹಾಕಿಕೊಳ್ಳಲಿ. ಕಾವೇರಿ ನೀರನ್ನೇ ಟಿಎಂಸಿ ಲೆಕ್ಕದಲ್ಲಿ ಅಳೆದು ಹಂಚಿಕೊಳ್ಳುವವರಿಗೆ ಒಂದು ಓಮ್ನಿಯ ತೆರಿಗೆ ಅಳೆಯುವುದು ಕಷ್ಟವಾಗಲಾರದು. ಕಷ್ಟವೇ ಆದರೆ ಗಡಿ ತಾಲ್ಲೂಕಿನವರಿಗಾದರೂ ಒಂದು ರಸೀದಿ ಕೊಡಿ, ಪಾಡ್ಯದ ದಿನವೂ ತೋರಿಸುವಂಥದ್ದು. ಅದೂ ಆಗದಿದ್ದರೆ ಈ ಪತ್ರವನ್ನೇ ಅರ್ಜಿ ಎಂದು ಭಾವಿಸಿ, 48ನೇ ಕಲಮಿನ ಪ್ರಕಾರ 30 ದಿನ ಸುಮ್ಮನಿರಿ. ಸುಮ್ಮನಿರುವುದು ತಮಗೆ ಅಭ್ಯಾಸವಿದೆ, ಲ್ಯಾಮಿನೇಶನ್ ಖರ್ಚು ನನ್ನದು.

ಇಂತಿ ತಮ್ಮ ವಿಧೇಯ,
ಒಬ್ಬ ಅರ್ಜಿದಾರ
ಕೌದಳ್ಳಿ, ಹನೂರು ತಾಲ್ಲೂಕು
(ಹಿಂದಿನ ನೋಂದಣಿ: ಕೊಯಮತ್ತೂರು ಜಿಲ್ಲೆ, ಮದರಾಸು. ಎನ್‌ಒಸಿ ಲಗತ್ತಿಸಿಲ್ಲ.)