ಬೈಟು ಉಳಿಸುವ ಬೃಹಸ್ಪತಿ

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ, ಕಾಫಿಯನ್ನು ಬೈಟೂ ಮಾಡುವವರ ನಡುವೆ ಬೈಟನ್ನೇ ಬೈಟೂ ಮಾಡಲು ಹೊರಟವರೊಬ್ಬರು ಇದ್ದೇ ಇರುತ್ತಾರೆ. ಕ್ಲೌಡ್ ಸರ್ವರು ಶನಿವಾರ, ಭಾನುವಾರ ಕೆಲಸವಿಲ್ಲದೆ ಓಡುತ್ತಿದ್ದರೆ ಇವರಿಗೆ ಚಿಂತೆಯಿಲ್ಲ. ಆರ್ಡರ್ ಟೇಬಲ್ಲಿನ ಕೊನೆಗೆ ಯಾರಾದರೂ ‘ಷರಾ’ ಎಂಬ ಕಾಲಂ ಸೇರಿಸಿದರೆ ಮಾತ್ರ ಹೊಟ್ಟೆಯಲ್ಲಿ ಸಂಕಟ. “ನೂರರಲ್ಲಿ ಐದು ಜನ ಬರೆಯೋ ಷರಾಗೆ ನೂರು ಸಾಲಿನಲ್ಲೂ ಜಾಗ ಬಿಡಬೇಕೇನ್ರೀ?” ಎಂದು ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಷರಾಗಳಿಗೇ ಪ್ರತ್ಯೇಕ ಟೇಬಲ್ ಕಟ್ಟುತ್ತಾರೆ. ಮಿತವ್ಯಯ ಒಳ್ಳೆಯ ಗುಣವೇ. ಇವರ ಮಿತವ್ಯಯದಲ್ಲಿ ಲೆಕ್ಕವೊಂದು ಇರುವುದಿಲ್ಲ, ಅಷ್ಟೇ.

ಎಣಿಸಿಯೇ ನೋಡೋಣ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಪ್ರತಿ ಸಾಲಿಗೂ 23 ಬೈಟಿನ ಹೆಡರ್ ಇರುತ್ತದೆ. ಅಳತೆ ಹೊಂದಿಸಲು ಅದು 24ಕ್ಕೆ ಏರುತ್ತದೆ. ಖಾಲಿ ಷರಾ ಎಂದರೆ ‘ನಲ್’ ಎಂದು ಗುರುತಿಡುವ ಒಂದು ಬಿಟ್. ಕಾಲಂಗಳು ಎಂಟನ್ನು ಮೀರದಿದ್ದರೆ ಆ ಗುರುತು ಹೇಗೂ ಖಾಲಿಯಿದ್ದ ಇಪ್ಪತ್ತನಾಲ್ಕನೇ ಬೈಟಿನಲ್ಲೇ ಕೂತುಬಿಡುತ್ತದೆ, ಖರ್ಚು ಸೊನ್ನೆ. ಇನ್ನು ಇವರ ಉಳಿತಾಯ. ಹತ್ತು ಲಕ್ಷ ಆರ್ಡರುಗಳಲ್ಲಿ 50,000ಕ್ಕೆ ಷರಾ ಇದೆಯೆನ್ನಿ. ಬೇರೆ ಟೇಬಲ್ಲಿನಲ್ಲಿ ಒಂದೊಂದು ಷರಾಗೂ ಹೊಸ ಹೆಡರ್ 24, ಪುಟದಲ್ಲಿ ಅದು ಎಲ್ಲಿದೆಯೆಂದು ತೋರಿಸಲು 4, ಆರ್ಡರ್ ಸಂಖ್ಯೆಯನ್ನು ಮತ್ತೆ ಬರೆಯಲು 8. ಷರಾದ ಮಾತು ಬಿಟ್ಟೇ 36 ಬೈಟು. ಒಟ್ಟು 18 ಲಕ್ಷವಾಯಿತು. ಇಂಡೆಕ್ಸಿಗೆ ಸುಮಾರು 10 ಲಕ್ಷ ಬೇರೆ. ಸೊನ್ನೆ ಉಳಿಸಲು 28 ಲಕ್ಷ! “ಕಾಲಂ ಎಂಟು ದಾಟಿದರೆ?” ಎಂದು ಬೃಹಸ್ಪತಿಗಳು ಕೇಳದೆ ಬಿಡರು. ನ್ಯಾಯವಾದ ಪ್ರಶ್ನೆ. ಸಾಲಿನಲ್ಲಿ ಬೇರೆ ನಲ್ ಇಲ್ಲದಿದ್ದರೆ ಹೆಡರ್ 8 ಬೈಟು ಬೆಳೆಯುತ್ತದೆ, ಷರಾ ಇಲ್ಲದ ಸಾಲುಗಳಿಗೆ 76 ಲಕ್ಷ ಹೋಗುತ್ತದೆ. ಆಗ ಇವರದು 48 ಲಕ್ಷ ಬೈಟಿನ ಗೆಲುವು. ಫೋನಿನಲ್ಲಿ ತೆಗೆದ ಒಂದೆರಡು ಫೋಟೊ ಇಡುವಷ್ಟು ಜಾಗ. ಅದಕ್ಕಾಗಿ ಷರಾ ಓದಬೇಕಾದಾಗಲೆಲ್ಲ ಎರಡು ಟೇಬಲ್ ಜೋಡಿಸುವ ಶಿಕ್ಷೆ ಉಳಿದವರಿಗೆ.

ಜಾಗದಲ್ಲಿ ಸೋತರೆ ಶಾಸ್ತ್ರ ಹಿಡಿಯುತ್ತಾರೆ: ನಲ್ ಎಂಬುದೇ ಮೈಲಿಗೆ. ಡೇಟಾಬೇಸ್ ತಜ್ಞ ಕ್ರಿಸ್ ಡೇಟ್ ನಲ್ಲನ್ನು ವಿರೋಧಿಸುತ್ತಲೇ ಬಂದವರು, ನಿಜ. ಆದರೆ 1970ರಲ್ಲಿ ರಿಲೇಷನಲ್ ಮಾದರಿ ಕೊಟ್ಟ ಕಾಡ್, 1985ರ ತಮ್ಮ ಸೂತ್ರಗಳಲ್ಲಿ ಅದಕ್ಕೆ ಸ್ಥಾನ ಕೊಟ್ಟಿದ್ದಾರೆ. ನಲ್ ಕಾಟ ಕೊಡುವುದು ಹೋಲಿಕೆಯಲ್ಲಿ, ಲೆಕ್ಕದಲ್ಲಿ. “ಬೆಲ್ ಒತ್ತಬೇಡಿ, ಮಗು ಮಲಗಿದೆ” ಎಂಬುದನ್ನು ಕೂಡಿಸುವವರಾರು, ಕಳೆಯುವವರಾರು? ಮೇಲಾಗಿ ಷರಾ ಇಲ್ಲದ ಆರ್ಡರುಗಳೂ ಕಾಣಲೆಂದು ಇವರು ಬರೆಯುವ ಲೆಫ್ಟ್ ಜಾಯಿನ್, ಖಾಲಿ ಜಾಗದಲ್ಲೆಲ್ಲ ಮತ್ತೆ ಆ ನಲ್ಲನ್ನೇ ತಂದು ಕೂರಿಸುತ್ತದೆ. ಉದ್ದದ ಷರಾಗಳಿಂದ ಸಾಲು ಊದಿಕೊಳ್ಳುತ್ತದೆ ಎಂಬ ಭಯವೂ ಬೇಡ: ಸುಮಾರು 2 ಕೆಬಿ ದಾಟಿದರೆ ಪೋಸ್ಟ್‌ಗ್ರೆಸ್ ತಾನೇ ಕುಗ್ಗಿಸುತ್ತದೆ, ಸಾಲದಿದ್ದರೆ ಬೇರೆಡೆಗೆ ಸಾಗಿಸುತ್ತದೆ. ಅದನ್ನೂ ನಂಬದೆ ಇವರು 100 ಬೈಟಿನ ಮಿತಿ ಹಾಕಿದರೆ ಪೆಟ್ಟು ಬೀಳುವುದು ಕನ್ನಡಕ್ಕೆ. ಯುಟಿಎಫ್-8ರಲ್ಲಿ ನಮ್ಮ ಅಕ್ಷರ, ಗುಣಿತದ ಚಿಹ್ನೆ ಒಂದೊಂದಕ್ಕೂ 3 ಬೈಟು, ಒತ್ತಿಗೆ 6. “ಗಣಪತಿ ಗುಡಿ ದಾಟಿ ಎಡಕ್ಕೆ ತಿರುಗಿ, ಹಸಿರು ಗೇಟು” ಎಂದು ಬರೆಯಹೊರಟರೆ ಗೇಟು ತಲುಪುವ ಮೊದಲೇ ಜಾಗ ಮುಗಿದಿರುತ್ತದೆ.

ಹಿಂದೆ ಈ ಜಿಪುಣತನಕ್ಕೆ ಕಾರಣವಿತ್ತು. 1956ರ ಐಬಿಎಂ ರಾಮಾಕ್‌ನ ಡಿಸ್ಕಿನಲ್ಲಿ ಹಿಡಿಸುತ್ತಿದ್ದದ್ದೇ 50 ಲಕ್ಷ ಅಕ್ಷರ. ಜಾಗಕ್ಕೆ ಬರವಿದ್ದ ಆ ದಶಕಗಳಲ್ಲಿ ಇಸವಿಯ ಮೊದಲೆರಡು ಅಂಕಿಗಳನ್ನೂ ಬರೆಯದೆ ಉಳಿಸಿದ ಮಹನೀಯರಿದ್ದರು. ಅದನ್ನು ತಿದ್ದುವ ವೈಟುಕೆ ಕೆಲಸ ಬೆಂಗಳೂರಿನ ಕಂಪನಿಗಳಿಗೂ ಅನ್ನ ಕೊಟ್ಟಿತು. ಹಾಗಾಗಿ ಪರಂಪರೆಯನ್ನು ತೀರಾ ಹಳಿಯುವಂತಿಲ್ಲ. ಬೇರೆ ಟೇಬಲ್ ಎಂದಿಗೂ ಬೇಡವೆಂದೇನೂ ಅಲ್ಲ. ಒಂದೇ ಆರ್ಡರಿಗೆ ಹಲವು ಷರಾಗಳಿದ್ದು, ಬರೆದವರಾರು, ಯಾವಾಗ ಬರೆದರು ಎಂಬುದೂ ಬೇಕಾದರೆ ಅದೇ ಸರಿಯಾದ ದಾರಿ. ವಿಚಿತ್ರವೆಂದರೆ, ಹಾಗೆ ನಿಜವಾಗಿ ಬೇಕಾದ ದಿನವೇ ಬೃಹಸ್ಪತಿಗಳಿಗೆ ಹೊಸ ಟೇಬಲ್ಲಿನ ಹೆಡರುಗಳ ಖರ್ಚು ನೆನಪಾಗಿ, ಹಳೆಯದಕ್ಕೇ ಷರಾ1, ಷರಾ2, ಷರಾ3 ಎಂದು ಮೂರು ಕಾಲಂ ಸೇರಿಸುತ್ತಾರೆ.