ಅಡಿಗಲ್ಲಿನ ಕರ್ತೃತ್ವಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ವಿಧಿಯಾದುದರಿಂದ, ಅದನ್ನು ಮೀರಲು ಧೈರ್ಯವಿಲ್ಲದ ನಾವು ಹೇಳುವುದೇನೆಂದರೆ: ಈ ಪ್ರಬಂಧದ ವಿಷಯವು ಒಂದು ಕಟ್ಟಡವನ್ನು ಕಟ್ಟಿದವರು ಯಾರೆಂಬ ಜಿಜ್ಞಾಸೆ, ಪ್ರಯೋಜನವು ಆ ಜಿಜ್ಞಾಸೆಗೆ ಅಂಕೆಗಳಲ್ಲಿ ಉತ್ತರ ಹೇಳಬಲ್ಲ ಸೂಚ್ಯಂಕವೊಂದನ್ನು ಲೋಕಕ್ಕೆ ಒದಗಿಸುವುದು, ಸಂಬಂಧವು ಕಟ್ಟಡಕ್ಕೂ ಅದರ ಮೇಲೆ ಕೆತ್ತಿದ ಹೆಸರಿಗೂ ಇರಬೇಕಾದ, ಆದರೆ ಬಹುಸ್ಥಲಗಳಲ್ಲಿ ಕಂಡುಬಾರದ ನಂಟು, ಅಧಿಕಾರಿಯು ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಸ್ವಂತಕ್ಕೊಂದು ಮನೆಯನ್ನು ಕಟ್ಟಿಸಿಯೂ ಮೇಸ್ತ್ರಿಯೊಡನೆ ಮಾತು ಬಿಡದೆ ಉಳಿದಿರುವ ಗೃಹಸ್ಥ. ಈ ಕೊನೆಯ ಲಕ್ಷಣವುಳ್ಳವರು ವಿರಳರಾದುದರಿಂದ ಗ್ರಂಥಕ್ಕೆ ಓದುಗರು ಕಡಮೆಯಾದರೆ ಅದನ್ನು ಗ್ರಂಥಕರ್ತನ ದೋಷವೆಂದು ಎಣಿಸಲಾಗದು.

ವಿದ್ವಾಂಸರು ತಮ್ಮ ತಮ್ಮೊಳಗೆ ಕರ್ತೃತ್ವವನ್ನು ಅಳೆದುಕೊಳ್ಳುವ ಕ್ರಮವನ್ನು ಮೊದಲು ಪರಿಶೀಲಿಸೋಣ. ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ಹೋರ್ಹೆ ಹರ್ಷ್ ಎಂಬಾತನು 2005ರಲ್ಲಿ ಒಂದು ಮಾನದಂಡವನ್ನು ಪ್ರಕಟಿಸಿದನು. ಒಬ್ಬನ ಹತ್ತು ಲೇಖನಗಳನ್ನು ಇತರರು ಒಂದೊಂದನ್ನೂ ಕನಿಷ್ಠ ಹತ್ತು ಸಲ ಉಲ್ಲೇಖಿಸಿದ್ದರೆ ಅವನ ಸೂಚ್ಯಂಕ ಹತ್ತು. ಇಪ್ಪತ್ತನ್ನು ಇಪ್ಪತ್ತಿಪ್ಪತ್ತು ಸಲ ಉಲ್ಲೇಖಿಸಿದ್ದರೆ ಇಪ್ಪತ್ತು. ಉಲ್ಲೇಖಿಸಿದವರು ಹೊಗಳಿದರೋ ತೆಗಳಿದರೋ ಎಂಬುದನ್ನು ಈ ಗಣಿತವು ವಿಚಾರಿಸುವುದಿಲ್ಲ. ಈ ಔದಾರ್ಯವು ಮುಂದೆ ನಮ್ಮ ಸಿದ್ಧಾಂತಕ್ಕೆ ಬಹಳ ಉಪಕಾರ ಮಾಡಲಿದೆಯಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕು.

ಹೆಸರುಗಳ ಸಂಖ್ಯೆಗೆ ಸಂಬಂಧಿಸಿದಂತೆ ಪಾಶ್ಚಾತ್ಯರು ಮುಟ್ಟಿರುವ ಎತ್ತರವೂ ಅಲ್ಪವಾದುದಲ್ಲ. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಪ್ರಕಟವಾದ ಒಂದು ಲೇಖನಕ್ಕೆ 5,154 ಮಂದಿ ಕರ್ತೃಗಳಿದ್ದು, ಮೂವತ್ತಮೂರು ಪುಟಗಳ ಆ ಲೇಖನದಲ್ಲಿ ಇಪ್ಪತ್ತನಾಲ್ಕು ಪುಟಗಳನ್ನು ಅವರ ಹೆಸರುಗಳೂ ಅವರ ಸಂಸ್ಥೆಗಳ ಹೆಸರುಗಳೂ ಆಕ್ರಮಿಸಿಕೊಂಡು, ಉಳಿದ ಒಂಬತ್ತು ಪುಟಗಳನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟವು. ಇದನ್ನು ಕೇಳಿ ಬೆರಗಾಗುವವರು ನಮ್ಮ ಜಿಲ್ಲೆಯ ಯಾವುದಾದರೊಂದು ಸಮುದಾಯಭವನದ ಮುಂದೆ ನಿಂತು, ಕಪ್ಪು ಗ್ರಾನೈಟಿನ ಶಂಕುಸ್ಥಾಪನಾ ಫಲಕವನ್ನು ಓದಿ ನೋಡಬೇಕು. ಮೇಲೆ ದಿವ್ಯ ಸಾನ್ನಿಧ್ಯ, ಅದರ ಕೆಳಗೆ ಅಮೃತಹಸ್ತ, ಅದರ ಕೆಳಗೆ ಅಧ್ಯಕ್ಷತೆ, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು, ಮುಖ್ಯ ಅತಿಥಿಗಳು. ಸ್ಥಳ ಸಾಲದೆ ಅಕ್ಷರಗಳು ಕೆಳಗಿಳಿದಂತೆಲ್ಲ ಸಣ್ಣವಾಗುತ್ತ ಹೋಗಿ, ಹುಲ್ಲು ಬೆಳೆದಿರುವ ಅಂಚಿನಲ್ಲಿ ಕಾರ್ಯಪಾಲಕ ಅಭಿಯಂತರರೂ ಗುತ್ತಿಗೆದಾರರೂ ಕಣ್ಣಿಗೆ ಬೀಳುತ್ತಾರೆ. ಕಲ್ಲು ಕಟ್ಟಿದವನು ಹುಲ್ಲಿನ ಕೆಳಗೂ ಇಲ್ಲ. ವಿದೇಶದ ಲೇಖನವು ಪ್ರಯೋಗವು ಮುಗಿದ ಮೇಲೆ ಹೆಸರುಗಳನ್ನು ಬರೆಯಿತು. ನಮ್ಮಲ್ಲಿ ಪಾಯ ತೋಡುವುದಕ್ಕೆ ಮೊದಲೇ ಬರೆದು ಮುಗಿದಿರುತ್ತದೆ. ಯಾವ ದೇಶದ ವಿದ್ವತ್ತು ಮುಂದುವರಿದಿದೆಯೆಂಬುದನ್ನು ನಿಷ್ಪಕ್ಷಪಾತಿಗಳು ನಿರ್ಣಯಿಸಲಿ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕರ್ತೃವಾಗಲು ನಾಲ್ಕು ಲಕ್ಷಣಗಳನ್ನು ವಿಧಿಸಿದ್ದಾರೆ: ಕೆಲಸದಲ್ಲಿ ಗಣನೀಯವಾದ ಪಾಲಿರಬೇಕು, ಬರೆಯುವುದರಲ್ಲಿಯೋ ತಿದ್ದುವುದರಲ್ಲಿಯೋ ಕೈಯಿರಬೇಕು, ಅಂತಿಮ ರೂಪಕ್ಕೆ ಒಪ್ಪಿಗೆಯಿತ್ತಿರಬೇಕು, ನಾಳೆ ತಪ್ಪು ಹೊರಟರೆ ಉತ್ತರ ಹೇಳಲು ಸಿದ್ಧನಿರಬೇಕು. ಫಲಕದ ಮೇಲಿನವರಿಗೆ ಈ ಲಕ್ಷಣಗಳು ಅನ್ವಯಿಸುವುವೇ ಎಂದರೆ, ಮೊದಲನೆಯದು ಕಾಯಿ ಒಡೆದು ಒಂದು ಬಾಣಲೆ ಗಾರೆಯನ್ನು ಹಾಕಿದುದರಿಂದ ಸಿದ್ಧಿಸಿತು. ಎರಡನೆಯದು ಹೆಸರಿನ ಕಾಗುಣಿತವನ್ನು ತಿದ್ದಿಸಿದುದರಿಂದ ಸಿದ್ಧಿಸಿತು. ಮೂರನೆಯದು ಹಾರ ಹಾಕಿಸಿಕೊಂಡುದರಿಂದ ಸಿದ್ಧಿಸಿತು. ನಾಲ್ಕನೆಯದನ್ನು ಕುರಿತು ವಿಚಾರಿಸಲು ಹೋದಾಗ ಸಂಬಂಧಪಟ್ಟವರೆಲ್ಲರೂ ಬೆಂಗಳೂರಿಗೆ ಹೋಗಿದ್ದರು.

ಗೌರವಾರ್ಥವಾಗಿ ಹೆಸರನ್ನು ಸೇರಿಸುವ ಪದ್ಧತಿಯು ಆಧುನಿಕ ವಿಶ್ವವಿದ್ಯಾನಿಲಯಗಳ ಕೊಡುಗೆಯೆಂದು ನಂಬಿರುವವರಿಗೆ ಶಿವಮೊಗ್ಗದ ಕೋಟೆಯ ಅರಮನೆಯನ್ನು ತೋರಿಸಬೇಕು. ತುಂಗೆಯ ದಡದಲ್ಲಿ ಮರದ ಕಂಬಗಳ ಮೇಲೆ ನಿಂತು ಈಗ ವಸ್ತುಸಂಗ್ರಹಾಲಯವಾಗಿರುವ ಆ ಕಟ್ಟಡವು ಶಿವಪ್ಪನಾಯಕನ ಅರಮನೆಯೆಂದು ಲೋಕಪ್ರಸಿದ್ಧವಾಗಿದೆ. ಕೆಳದಿಯ ಆ ನಾಯಕನು ಆಳಿದ್ದು 1645ರಿಂದ 1660ರವರೆಗೆ. ಕಟ್ಟಡವಾದರೋ 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯ ಕಾಲದ್ದೆಂದು ಇತಿಹಾಸಕಾರರಲ್ಲಿ ಕೆಲವರ ಮತ. ಆ ಮತವನ್ನು ಒಪ್ಪುವುದಾದರೆ, ತೀರಿಕೊಂಡು ನೂರು ವರ್ಷ ಕಳೆದ ಮೇಲೆಯೂ ಮೊದಲನೆಯ ಕರ್ತೃವಾಗಿ ಹೊಸ ಕೃತಿಯನ್ನು ಹೊರಡಿಸಿದ ಕೀರ್ತಿಯು ಶಿವಪ್ಪನಾಯಕನಿಗೆ ಸಲ್ಲುತ್ತದೆ. ಹೊಲಗದ್ದೆಗಳ ಫಸಲನ್ನು ಅಳೆಸಿ, ನ್ಯಾಯವಾದ ಕಂದಾಯವನ್ನು ಗೊತ್ತುಮಾಡಿ 'ಶಿಸ್ತಿನ ಶಿವಪ್ಪನಾಯಕ'ನೆನಿಸಿಕೊಂಡ ಆ ಪುಣ್ಯಾತ್ಮನು, ಬದುಕಿದ್ದರೆ ತಾನು ಬಿತ್ತದ ಈ ಬೆಳೆಯನ್ನು ತನ್ನ ಲೆಕ್ಕಕ್ಕೆ ಬರೆಯಲು ಶಾನುಭೋಗನಿಗೆ ಖಂಡಿತವಾಗಿಯೂ ಅಪ್ಪಣೆ ಕೊಡುತ್ತಿರಲಿಲ್ಲ.

ಆದರೆ ನಮ್ಮ ಸೀಮೆಯಲ್ಲಿ ಕಲ್ಲುಕುಟಿಗರು ಸದಾ ಮೂಕರಾಗಿದ್ದರೆಂದು ಭಾವಿಸಿದರೆ ದೊಡ್ಡ ಪ್ರಮಾದವಾದೀತು. ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಿಂದ ಬೇಲೂರಿಗೆ ಹೋದ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಕೆಳಗೆ ತಮ್ಮ ತಮ್ಮ ಹೆಸರನ್ನು ಸ್ಪಷ್ಟವಾಗಿ ಕೆತ್ತಿದರು. ಇಂದಿಗೆ ನಾಲ್ಕು ವಿಗ್ರಹಗಳು ತಂದೆಯ ಲೆಕ್ಕಕ್ಕೂ ಐದು ಮಗನ ಲೆಕ್ಕಕ್ಕೂ ಸಲ್ಲುತ್ತವೆ. ಮಗನು ತಂದೆಯನ್ನು ಒಂದು ಅಂಕದಿಂದ ಮೀರಿಸಿದ ಈ ಪ್ರಸಂಗದಲ್ಲಿ ಮನೆಯೊಳಗೆ ಏನು ನಡೆಯಿತೆಂಬುದಕ್ಕೆ ಶಾಸನಾಧಾರವಿಲ್ಲ. ಭದ್ರಾವತಿಗೆ ದೂರವಲ್ಲದ ಅಮೃತಾಪುರದ 1196ರ ದೇವಾಲಯದಲ್ಲಿ ಕಾಣಿಸಿಕೊಳ್ಳುವ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿ ಮತ್ತೆ ಕಾಣುತ್ತದೆ; ನಡುವೆ ಅರುವತ್ತು ವರ್ಷಗಳಿಗೂ ಮೀರಿದ ಅಂತರವಿದೆ. ಅವನ ಹೆಸರಿನ ಲೆಕ್ಕಕ್ಕೆ ಸೇರಿದ ವಿಗ್ರಹಗಳು ನಲವತ್ತಕ್ಕೂ ಹೆಚ್ಚು. ಕೆಲವೆಡೆ ಪೂರ್ಣ ಹೆಸರಿಲ್ಲದೆ 'ಮಲ್ಲಿ' ಎಂದಷ್ಟೇ, ಇನ್ನು ಕೆಲವೆಡೆ 'ಮ' ಎಂದಷ್ಟೇ ಇರುವುದನ್ನು ನೋಡಿದರೆ, ಕರ್ತೃವಿನ ಹೆಸರನ್ನು ಮೊದಲಕ್ಷರಕ್ಕೆ ಇಳಿಸಿ ಮುಂದಿನ ಸಂಶೋಧಕರಿಗೆ ಅನ್ನದ ದಾರಿ ಮಾಡಿಕೊಡುವ ಪರಿಪಾಟವು ಹದಿಮೂರನೆಯ ಶತಮಾನದಲ್ಲಿಯೇ ಪಕ್ವವಾಗಿತ್ತೆಂದು ಹೇಳಬೇಕಾಗುತ್ತದೆ. ಇಷ್ಟು ಮಂದಿ ಸಾಕ್ಷರ ಶಿಲ್ಪಿಗಳು ಕಲ್ಲಿನ ಮೇಲೆ ರುಜು ಹಾಕಿರುವಾಗಲೂ ಜನರು ಎಲ್ಲ ಗುಡಿಗಳನ್ನೂ ಜಕಣಾಚಾರಿಯ ಲೆಕ್ಕಕ್ಕೇ ಬರೆಯುತ್ತ ಬಂದಿರುವುದು ಗಮನಾರ್ಹ. ಐತಿಹ್ಯದ ಹೊರಗೆ ಹೆಜ್ಜೆಯಿಡದ ಆ ಮಹಾಶಯನ ಸೂಚ್ಯಂಕವನ್ನು ಮುಟ್ಟುವವರು ಕರ್ಣಾಟಕದಲ್ಲಿ ಇಂದಿಗೂ ಇಲ್ಲ.

ಆಧುನಿಕ ನಿರ್ಮಾಣಸ್ಥಳಗಳಲ್ಲಿ ರುಜು ಹಾಕುವ ಸಂಪ್ರದಾಯವು ಸಂಪೂರ್ಣವಾಗಿ ಲುಪ್ತವಾಗಿದೆಯೆಂದು ಹೇಳಬಾರದು. ಹಸಿ ಕಾಂಕ್ರೀಟಿನ ಮೇಲೆ ರಾತ್ರಿಯ ಹೊತ್ತು ನಡೆದುಹೋದ ಬೀದಿನಾಯಿಯ ಹೆಜ್ಜೆಗಳು ಅನೇಕ ಮನೆಗಳ ಅಂಗಳದಲ್ಲಿ ಶಾಶ್ವತವಾಗಿ ನಿಂತಿವೆ. ಇದಕ್ಕೆ ಪೂರ್ವನಿದರ್ಶನವೂ ಉಂಟು: 1975ರಲ್ಲಿ ಅಮೆರಿಕದ ಭೌತವಿಜ್ಞಾನಿ ಹೆಥರಿಂಗ್‌ಟನ್ ಒಬ್ಬನೇ ಬರೆದ ಲೇಖನದುದ್ದಕ್ಕೂ 'ನಾವು' ಎಂದಿದ್ದುದರಿಂದ, ಅದನ್ನೆಲ್ಲ ಮತ್ತೆ ಟೈಪು ಮಾಡುವ ಶ್ರಮಕ್ಕೆ ಅಂಜಿ, ತನ್ನ ಬೆಕ್ಕಿಗೆ ಎಫ್. ಡಿ. ಸಿ. ವಿಲ್ಲರ್ಡ್ ಎಂದು ನಾಮಕರಣ ಮಾಡಿ ಸಹಕರ್ತೃವನ್ನಾಗಿಸಿಕೊಂಡನು.

ಇನ್ನು ಭದ್ರಾವತಿಯ ಹಕ್ಕುದಾರಿಕೆ. ವಿಶ್ವೇಶ್ವರಯ್ಯನವರ ಹಟದಿಂದ ಹುಟ್ಟಿ, ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಾಡಿನ ಇದ್ದಲನ್ನೂ ಉಂಡು, 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಕಾರ್ಖಾನೆಯು ಮುಂದೆ ಸಿಮೆಂಟನ್ನೂ ತಯಾರಿಸಿತು. 1936ರಲ್ಲಿ ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಹೀಗಾಗಿ ಮನೆಯ ಒಳಗಿನ ಕಬ್ಬಿಣವನ್ನೂ, ಅದನ್ನು ಹಿಡಿದಿರುವ ಸಿಮೆಂಟನ್ನೂ, ಆ ಮನೆ ಕಟ್ಟಿದ ವಿಧಾನವನ್ನು ಕುರಿತ ಪ್ರೌಢಪ್ರಬಂಧವನ್ನು ಅಚ್ಚು ಹಾಕುವ ಕಾಗದವನ್ನೂ ಒಂದೇ ಊರು ಒದಗಿಸಿದ ಕಾಲವೊಂದಿತ್ತು. ಆ ಪ್ರಬಂಧಗಳನ್ನು ಪರೀಕ್ಷಿಸಲು ಅದೇ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವೂ 1987ರಲ್ಲಿ ಆರಂಭವಾದ ಮೇಲೆ, ಭದ್ರಾವತಿಯನ್ನು ಸಹಕರ್ತೃವೆಂದು ಸ್ಮರಿಸದೆ ಯಾವ ಕಟ್ಟಡವೂ ಯಾವ ಡಾಕ್ಟರೇಟೂ ಪೂರ್ಣವಾಗಲಾರದೆಂಬುದು ನಮ್ಮ ಮತ.

ನಾವೀನ್ಯವೆಂದರೇನೆಂಬುದನ್ನು ಈಗ ನೋಡಬೇಕು. ಜಂಬಿಟ್ಟಿಗೆಯ ಗೋಡೆ, ಇಳಿಜಾರಾದ ಮಾಡು, ಅದರ ಮೇಲೆ ನಾಡಹೆಂಚೋ ಮಂಗಳೂರು ಹೆಂಚೋ, ಇದು ನಮ್ಮ ಹಿರಿಯರು ಮಳೆಯೊಡನೆ ಮಾಡಿಕೊಂಡಿದ್ದ ಒಡಂಬಡಿಕೆ. ಅದನ್ನು ಹಳತೆಂದು ಕೆಡವಿದ ಮೊಮ್ಮಕ್ಕಳು ಚಪ್ಪಟೆಯಾದ ಆರ್‌ಸಿಸಿ ತಾರಸಿಯನ್ನು ಹಾಕಿಸಿದರು: ಮೊದಲನೆಯ ನಾವೀನ್ಯ. ಮಳೆಯ ನೀರು ಅದರ ಮೇಲೆ ನಿಂತು ಕೆಳಗಿಳಿಯಿತು. ತಾರಸಿಯನ್ನು ಮಳೆಯಿಂದ ಕಾಪಾಡಲು ಅದರ ಮೇಲೆ ಕಬ್ಬಿಣದ ಕಂಬಗಳನ್ನು ನೆಟ್ಟು ಇಳಿಜಾರಾಗಿ ತಗಡಿನ ಶೀಟನ್ನು ಹೊದಿಸಿದರು: ಎರಡನೆಯ ನಾವೀನ್ಯ. ಇಂದು ಶಿವಮೊಗ್ಗದ ಯಾವ ಬಡಾವಣೆಯನ್ನು ಎತ್ತರದಿಂದ ನೋಡಿದರೂ ಕಾಣುವ ಈ ಶೀಟುಗಳ ಸಾಗರವು, ಶಾಸ್ತ್ರದ ಪರಿಭಾಷೆಯಲ್ಲಿ, ಅಜ್ಜನ ಮಾಡನ್ನು ಋಣ ಸ್ಮರಿಸದೆ ಮಾಡಿಕೊಂಡ ಉದ್ಧರಣೆ. ಇದಕ್ಕೆ ಪ್ರತಿಯಾಗಿ ಪ್ರಾಮಾಣಿಕ ನಿದರ್ಶನವೂ ಇದೆ. ಹಾಸ್ಯದ ನಡುವೆಯಾದರೂ ಅದನ್ನು ಹೇಳದಿರುವುದು ಅನುಚಿತ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ, ನೂರಕ್ಕೆ ಏಳೆಂಟು ಪಾಲು ಸಿಮೆಂಟನ್ನು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಹದಗೊಳಿಸಿ, ಹಳ್ಳಿಯವನ ಮಣ್ಣಿಗೆ ಪ್ರಯೋಗಶಾಲೆಯ ಗೌರವವನ್ನು ತಂದರು. ಆ ಇಟ್ಟಿಗೆಯಲ್ಲಿ ಮನೆ ಕಟ್ಟಿಸಿಕೊಳ್ಳಿರೆಂದು ನಮ್ಮ ಊರಿನ ಗೃಹಸ್ಥರಿಗೆ ಸಲಹೆಯಿತ್ತರೆ, ಮಣ್ಣಿನ ಮನೆಯೆಂದರೆ ಹೆಣ್ಣು ಕೊಡುವವರು ಏನೆಂದುಕೊಂಡಾರು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರವು ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಸಿದ್ಧಾಂತ. ಕಟ್ಟಡವಿದ್ಯೆಯಲ್ಲಿ ಉಲ್ಲೇಖವೆಂದರೆ, ವಾಸವಾಗಿರುವವರ ಬಾಯಲ್ಲಿ ಕಟ್ಟಿದವನ ಹೆಸರು ಬರುವುದು. ಸೋರದ ಮನೆಯಲ್ಲಿ ಕುಳಿತವರು ಮೇಸ್ತ್ರಿಯ ಹೆಸರನ್ನು ಎಂದೂ ಎತ್ತುವುದಿಲ್ಲ. ಆರಿದ್ರಾ ಮಳೆ ಹಿಡಿದು ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಹನಿ ಬಿದ್ದಾಗ ಅವನ ಹೆಸರು ಮಾತ್ರವಲ್ಲದೆ ಅವನ ವಂಶಾವಳಿಯೂ ಉಲ್ಲೇಖಕ್ಕೆ ಬರುತ್ತದೆ. ಮಾತನ್ನು ಎಣಿಸುವುದು ದುಸ್ಸಾಧ್ಯವಾದುದರಿಂದ, ಸೋರುವಲ್ಲಿ ಇಟ್ಟ ಒಂದೊಂದು ಪಾತ್ರೆಯನ್ನೂ, ಬಕೆಟ್ಟಾಗಲಿ ಬೋಸಿಯಾಗಲಿ ಚೊಂಬಾಗಲಿ, ಒಂದೊಂದು ಉಲ್ಲೇಖವೆಂದು ಗಣಿಸತಕ್ಕದ್ದು. ಐದು ಮನೆಗಳಲ್ಲಿ ಕನಿಷ್ಠ ಐದೈದು ಪಾತ್ರೆಗಳನ್ನು ಇಡಿಸಿದ ಮೇಸ್ತ್ರಿಯ ಸೂಚ್ಯಂಕ ಐದು. ತನ್ನ ಸ್ವಂತ ಮನೆಯಲ್ಲಿ ಇಡಿಸಿದವು ಆತ್ಮೋಲ್ಲೇಖಗಳಾದುದರಿಂದ ಅವನ್ನು ಕಳೆಯಬೇಕು. ಆರಿದ್ರಾದಿಂದ ಪುಷ್ಯ ಮಳೆಯವರೆಗಿನ ಉಲ್ಲೇಖಗಳನ್ನು ಮಾತ್ರ ಪರಿಗ್ರಹಿಸಬೇಕೆಂದು ಒಂದು ಪಕ್ಷ, ಸ್ವಾತಿಯವರೆಗೂ ಎಂದು ಇನ್ನೊಂದು ಪಕ್ಷ.

ಈ ಕ್ರಮದಿಂದ ನಮ್ಮ ಬಡಾವಣೆಯ ಮೇಸ್ತ್ರಿಗಳ ಶ್ರೇಣೀಪಟ್ಟಿಯನ್ನು ಸಿದ್ಧಪಡಿಸಿದಾಗ ಎಲ್ಲವೂ ಸುಸಂಗತವಾಗಿಯೇ ಬಂದಿತು. ತೊಡಕಾದುದು ಒಬ್ಬನ ವಿಷಯದಲ್ಲಿ ಮಾತ್ರ. ನಲವತ್ತು ವರ್ಷಗಳಿಂದ ತೂಕದ ಗುಂಡನ್ನು ಕೈಬಿಡದೆ, ಮಟ್ಟಗೋಲಿಗೆ ಹುಸಿಯಾಡದೆ ಗೋಡೆ ಕಟ್ಟುತ್ತಿರುವ ಆ ವೃದ್ಧನ ಯಾವ ಮನೆಯಲ್ಲಿಯೂ ಒಂದು ಚೊಂಬನ್ನಾದರೂ ಇಟ್ಟ ನಿದರ್ಶನವು ಸಿಕ್ಕಲಿಲ್ಲ. ವಿಷಯವನ್ನು ಎರಡು ಸಲ ಪರಿಶೀಲಿಸಿ, ನಿಯಮಕ್ಕೆ ಅಪವಾದ ಮಾಡಲು ಅವಕಾಶವಿಲ್ಲವೆಂದು ಕಂಡುಬಂದ ಕಾರಣ, ಅವನ ಹೆಸರಿನ ಮುಂದೆ ಸೊನ್ನೆಯನ್ನು ಬರೆದು, ಕೃತಿಗಳು ಲೋಕದ ಗಮನಕ್ಕೆ ಬಂದಂತೆ ತೋರುವುದಿಲ್ಲ, ಟೆಂಡರಿಗೆ ಅರ್ಹನಲ್ಲ ಎಂದು ಷರಾ ಹಾಕಲಾಗಿದೆ.